ಅತೃಪ್ತರು, ಅನರ್ಹರು, ಸಚಿವರು: ಹದಿನೇಳು ಶಾಸಕರ ಒಂದು ಪ್ರಕರಣ

2019ರ ಜುಲೈ 6, ಶನಿವಾರ. ವಿಧಾನಸೌಧದ ಸ್ಪೀಕರ್ ಕಚೇರಿಗೆ ಆಡಳಿತ ಪಕ್ಷಗಳ ಹತ್ತಕ್ಕೂ ಹೆಚ್ಚು ಶಾಸಕರು ರಾಜೀನಾಮೆ ಪತ್ರ ಹಿಡಿದುಕೊಂಡು ಬಂದರು. ಸ್ಪೀಕರ್ ಅಲ್ಲಿರಲಿಲ್ಲ. ಪತ್ರಗಳನ್ನು ಕಾರ್ಯದರ್ಶಿ ಕೈಗೆ ಕೊಟ್ಟರು. ಅಲ್ಲಿಗೆ ಓಡಿ ಬಂದ ಸಚಿವರೊಬ್ಬರು ಒಂದು ಪತ್ರವನ್ನು ಕಸಿದು ಹರಿದೇ ಹಾಕಿದರು. ಶಾಸಕರು ರಾಜಭವನಕ್ಕೆ ಹೋಗಿ ಬಂದು, ಸಂಜೆಯೊಳಗೆ ವಿಶೇಷ ವಿಮಾನ ಹತ್ತಿ ಮುಂಬೈಗೆ ಹಾರಿದರು.

ಆಮೇಲೆ ನಡೆದದ್ದನ್ನು ಟಿವಿಯಲ್ಲಿ ನಾವೆಲ್ಲ ನೋಡಿದ್ದೇವೆ. ಆದರೆ ನೋಡಿದ್ದು ರೆಸಾರ್ಟು, ಬಸ್ಸು, ಹೋಟೆಲಿನ ಗೇಟು. ಪ್ರಕರಣ ನಿಜವಾಗಿ ತಿರುಗಿದ್ದು ಕಾಗದಗಳ ಮೇಲೆ. ಯಾವ ಪತ್ರ ಯಾವತ್ತು ಬಂತು, ಯಾವ ದೂರಿಗೆ ಎಷ್ಟು ತಿಂಗಳು ಧೂಳು ಹಿಡಿಯಿತು, ಅದರ ಕಡೆ ಯಾರೂ ಕ್ಯಾಮೆರಾ ಹಿಡಿಯಲಿಲ್ಲ. ಇಲ್ಲಿ ಬರೆಯುತ್ತಿರುವುದು ಆ ಕಾಗದಗಳ ಕಥೆ.

ಶಾಸಕರ ಹೆಸರನ್ನೂ ಪಕ್ಷಗಳ ಹೆಸರನ್ನೂ ಬೇಕಂತಲೇ ಬಿಟ್ಟಿದ್ದೇನೆ. ಯಾರು ಯಾರು ಅಂತ ನಿಮಗೆ ಗೊತ್ತೇ ಇದೆ. ಆದರೆ ಹೆಸರು ಹಾಕಿದ ತಕ್ಷಣ ಓದುವವರು ತಮ್ಮ ಪಕ್ಷ ನೋಡಿಕೊಂಡು ಓದಲು ಶುರು ಮಾಡುತ್ತಾರೆ. ಅದು ಬೇಡ. ಮೈತ್ರಿ ಸರ್ಕಾರದ ದೊಡ್ಡ ಪಕ್ಷ, ಚಿಕ್ಕ ಪಕ್ಷ, ವಿರೋಧ ಪಕ್ಷ – ಇಷ್ಟು ಸಾಕು.

ಹಿನ್ನೆಲೆ

1967ರಲ್ಲಿ ಹರಿಯಾಣದ ಗಯಾ ಲಾಲ್ ಎಂಬ ಶಾಸಕರು ಎರಡು ವಾರದೊಳಗೆ ಮೂರು ಸಲ ಪಕ್ಷ ಬದಲಿಸಿದರು. 'ಆಯಾ ರಾಮ್, ಗಯಾ ರಾಮ್' ಎಂಬ ಮಾತು ಹುಟ್ಟಿದ್ದು ಹಾಗೆ. ಈ ಓಡಾಟ ನಿಲ್ಲಿಸಲು 1985ರಲ್ಲಿ 52ನೇ ತಿದ್ದುಪಡಿ ತಂದು ಸಂವಿಧಾನಕ್ಕೆ ಹತ್ತನೇ ಷೆಡ್ಯೂಲ್ ಸೇರಿಸಿದರು. ನಾವು ಪಕ್ಷಾಂತರ ನಿಷೇಧ ಕಾಯ್ದೆ ಅನ್ನುವುದು ಅದನ್ನೇ.

ಅದು ಹೇಳುವುದು ಮುಖ್ಯವಾಗಿ ಎರಡು ಮಾತು. ಪಕ್ಷದ ಸದಸ್ಯತ್ವವನ್ನು ಸ್ವಂತ ಇಚ್ಛೆಯಿಂದ ಬಿಟ್ಟುಕೊಟ್ಟರೆ ಶಾಸಕ ಸ್ಥಾನ ಹೋಗುತ್ತದೆ. ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಬೇಕು ಎಂಬ ಆದೇಶ, ಮೀರಿ ಮತ ಹಾಕಿದರೆ, ಅಥವಾ ಮತದಾನದಿಂದ ದೂರ ಉಳಿದರೆ, ಪಕ್ಷ 15 ದಿನದಲ್ಲಿ ಕ್ಷಮಿಸದಿದ್ದಾಗಲೂ ಹೋಗುತ್ತದೆ. 'ಬಿಟ್ಟುಕೊಡುವುದು' ಅಂದರೆ ಪಕ್ಷಕ್ಕೆ ರಾಜೀನಾಮೆ ಬರೆದುಕೊಡುವುದು ಮಾತ್ರವಲ್ಲ, ನಡವಳಿಕೆಯಿಂದಲೂ ಅದನ್ನು ತಿಳಿಯಬಹುದು ಎಂದು ಸುಪ್ರೀಂ ಕೋರ್ಟ್ 1994ರ ರವಿ ನಾಯ್ಕ್ ಪ್ರಕರಣದಲ್ಲಿ ಹೇಳಿತ್ತು. ತೀರ್ಮಾನ ಮಾಡುವವರು ಸ್ಪೀಕರ್. ಅವರ ತೀರ್ಮಾನವನ್ನು ಕೋರ್ಟು ಪರಿಶೀಲಿಸಬಹುದು ಎಂದು 1992ರ ಕಿಹೊಟೊ ಹೊಲ್ಲೊಹಾನ್ ತೀರ್ಪಿನಿಂದ ಗಟ್ಟಿಯಾಯಿತು.

ಮೊದಲು ಮೂರನೇ ಒಂದು ಭಾಗ ಶಾಸಕರು ಒಡೆದು ಹೋದರೆ ಶಿಕ್ಷೆ ಇರಲಿಲ್ಲ. 2003ರ 91ನೇ ತಿದ್ದುಪಡಿ ಆ ದಾರಿ ಮುಚ್ಚಿತು. ಈಗ ಉಳಿದಿರುವುದು ವಿಲೀನ. ಅದಕ್ಕೆ ಮೂರನೇ ಎರಡು ಭಾಗ ಶಾಸಕರು ಒಪ್ಪಬೇಕು. ಅದೇ ತಿದ್ದುಪಡಿ ಇನ್ನೊಂದು ಕೆಲಸವನ್ನೂ ಮಾಡಿತು: ಅನರ್ಹರಾದವರು ಮತ್ತೆ ಗೆದ್ದು ಬರುವವರೆಗೆ, ಅಥವಾ ಅವರ ಮೂಲ ಅವಧಿ ಮುಗಿಯುವವರೆಗೆ, ಸಚಿವರಾಗುವಂತಿಲ್ಲ ಎಂಬ 164(1ಬಿ) ವಿಧಿಯನ್ನು ಸೇರಿಸಿತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಮಸ್ಯೆ

ಈಗ ಲೆಕ್ಕಕ್ಕೆ ಬರೋಣ. 2018ರ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. 2019ರ ಮಧ್ಯಕ್ಕೆ 224 ಚುನಾಯಿತರಲ್ಲಿ ವಿರೋಧ ಪಕ್ಷದ ಬಳಿ 105 ಜನ. ಮೈತ್ರಿಯ ದೊಡ್ಡ ಪಕ್ಷದ ಬಳಿ ಸ್ಪೀಕರ್ ಸೇರಿ 79, ಚಿಕ್ಕ ಪಕ್ಷದ ಬಳಿ 37. ಉಳಿದ ಮೂವರು ಬೇರೆಯವರು.

ಮೈತ್ರಿ ಬಿಟ್ಟು ಹೋಗಬೇಕು ಅನ್ನುವವರಿಗೆ ವಿಲೀನದ ದಾರಿ ಇರಲಿಲ್ಲ. ದೊಡ್ಡ ಪಕ್ಷದಿಂದ 53 ಜನ ಬೇಕು, ಚಿಕ್ಕ ಪಕ್ಷದಿಂದ 25. ಅಷ್ಟು ಜನ ಸಿಗುವ ಮಾತೇ ಇಲ್ಲ. ಸದನದಲ್ಲಿ ಅಡ್ಡ ಮತ ಹಾಕಿದರೆ ವಿಪ್ ಉಲ್ಲಂಘನೆ, ಸೀಟು ಹೋಗುತ್ತದೆ.

ಹಾಗಾಗಿ ಆ ಕಡೆಗೆ ಹಾರುವ ಬದಲು ಸದನದ ತಲೆ ಎಣಿಕೆಯನ್ನೇ ಇಳಿಸುವುದು ಎಂದಾಯಿತು. ಹದಿನೈದು ಜನ ರಾಜೀನಾಮೆ ಕೊಟ್ಟು ಹೊರಗೆ ಹೋದರೆ 105 ತಾನಾಗಿಯೇ ಬಹುಮತವಾಗುತ್ತದೆ. ಯಾರೂ ಯಾರಿಗೂ ಮತ ಹಾಕಬೇಕಿಲ್ಲ. ರಾಜೀನಾಮೆ ಕೊಟ್ಟವರು ಉಪಚುನಾವಣೆಯಲ್ಲಿ ಹೊಸ ಪಕ್ಷದ ಚಿಹ್ನೆಯ ಮೇಲೆ ನಿಂತು ಗೆದ್ದು ಬಂದರೆ ಆಯಿತು. ಇದು ನಮ್ಮ ರಾಜ್ಯದಲ್ಲಿ 2008ರಲ್ಲೇ ನಡೆದು ನೋಡಿದ ಆಟ.

ಕಾಯ್ದೆಯ ದೊಡ್ಡ ಶಿಕ್ಷೆ ಏನು? ಸೀಟು ಹೋಗುವುದು. ಸೀಟು ಬಿಡಲು ತಯಾರಾಗಿ ನಿಂತವನಿಗೆ ಅದು ಯಾವ ಸೀಮೆ ಶಿಕ್ಷೆ? ಪ್ರಕರಣದ ಗಂಟು ಇಲ್ಲಿದೆ.

ಏನೇನು ಮಾಡಿ ನೋಡಿದರು

ಮೈತ್ರಿಯವರು ಮೊದಲು ಹಿಡಿದದ್ದು ಮಂತ್ರಿಗಿರಿಯ ದಾರಿ. ಜುಲೈ 8ರಂದು ಸಚಿವರೆಲ್ಲ ರಾಜೀನಾಮೆ ಕೊಟ್ಟರು. ಜಾಗ ಖಾಲಿ ಮಾಡಿದ್ದೇವೆ, ಬನ್ನಿ, ಮಂತ್ರಿಯಾಗಿ ಅಂತ. ಯಾರೂ ಬರಲಿಲ್ಲ. ಸಚಿವರೊಬ್ಬರು ಮುಂಬೈಗೇ ಹೋಗಿ, ಶಾಸಕರಿದ್ದ ಹೋಟೆಲಿನಲ್ಲಿ ರೂಮು ಬುಕ್ ಮಾಡಿಕೊಂಡಿದ್ದರು. ಹೋಟೆಲಿನವರು ಬುಕಿಂಗ್ ರದ್ದು ಮಾಡಿದರು. ಮಳೆಯಲ್ಲಿ ಗೇಟಿನ ಹೊರಗೆ ಗಂಟೆಗಟ್ಟಲೆ ಕಾದ ಅವರನ್ನು ಕೊನೆಗೆ ಪೊಲೀಸರು ವಾಪಸ್ ಕಳಿಸಿದರು.

ಎರಡನೆಯ ದಾರಿ ಸ್ಪೀಕರ್ ಅವರದು. ಬಂದ ಪತ್ರಗಳಲ್ಲಿ ಎಂಟು ನಿಗದಿತ ನಮೂನೆಯಲ್ಲಿ ಇಲ್ಲ ಎಂದು ಜುಲೈ 9ರಂದು ಹೇಳಿದರು. ಉಳಿದವರು ಖುದ್ದಾಗಿ ಬಂದು ಹೇಳಬೇಕು ಎಂದರು. ಇದನ್ನು ಸುಮ್ನೆ ಕಾಲಹರಣ ಅಂತ ತಳ್ಳಿಹಾಕುವಂತಿಲ್ಲ. 1974ರಲ್ಲಿ ಗುಜರಾತಿನ ಚಳವಳಿ ಕಾಲದಲ್ಲಿ ಶಾಸಕರಿಂದ ಒತ್ತಡ ಹಾಕಿ ರಾಜೀನಾಮೆ ಬರೆಸಿಕೊಂಡ ಮೇಲೆ ಸಂವಿಧಾನದ 190ನೇ ವಿಧಿಗೆ ಒಂದು ತಿದ್ದುಪಡಿ ಬಂತು. ರಾಜೀನಾಮೆ ಸ್ವಇಚ್ಛೆಯದ್ದು ಮತ್ತು ನಿಜವಾದದ್ದು ಎಂದು ಸ್ಪೀಕರ್‌ಗೆ ಅನ್ನಿಸಬೇಕು. ವಿಚಾರಿಸುವ ಹಕ್ಕು ಅವರಿಗಿದೆ. ಆದರೆ ಅವರು ಎಷ್ಟು ದಿನ ವಿಚಾರಿಸಬಹುದು ಅಂತ ಎಲ್ಲೂ ಬರೆದಿಲ್ಲ.

ಶಾಸಕರು ಸುಪ್ರೀಂ ಕೋರ್ಟಿಗೆ ಹೋದರು. ಜುಲೈ 11ರಂದು ಕೋರ್ಟು ಸಂಜೆ 6ರೊಳಗೆ ಸ್ಪೀಕರ್ ಮುಂದೆ ಹಾಜರಾಗಿ ಎಂದಿತು. ಮುಂಬೈಯಿಂದ ಹಾರಿ ಬಂದ ಹತ್ತು ಜನ ಸರಿಯಾದ ನಮೂನೆಯಲ್ಲಿ ಮತ್ತೆ ಬರೆದುಕೊಟ್ಟು ಮತ್ತೆ ಮುಂಬೈಗೆ ಹೋದರು. ಸ್ಪೀಕರ್ ಆ ಭೇಟಿಯನ್ನು ವಿಡಿಯೊ ಮಾಡಿಸಿದರು. ಅಂದು ರಾತ್ರಿ ತೀರ್ಮಾನ ಮಾತ್ರ ಮಾಡಲಿಲ್ಲ.

ಜುಲೈ 17ರ ಆದೇಶ ದೊಡ್ಡ ತಿರುವು. ಮುಖ್ಯ ನ್ಯಾಯಮೂರ್ತಿ ರಂಜನ್ ಗೊಗೊಯ್ ಅವರ ಪೀಠ ಎರಡೂ ಕಡೆಗೂ ಒಂದೊಂದು ಕೊಟ್ಟಿತು. ರಾಜೀನಾಮೆ ಬಗ್ಗೆ ಸ್ಪೀಕರ್ ತಮಗೆ ಸರಿ ಕಂಡ ಸಮಯದಲ್ಲಿ ತೀರ್ಮಾನಿಸಲಿ. ಆದರೆ ರಾಜೀನಾಮೆ ಕೊಟ್ಟು ಕೋರ್ಟಿಗೆ ಹೋಗಿದ್ದ 15 ಶಾಸಕರನ್ನು ಸದನಕ್ಕೆ ಬರಲೇಬೇಕೆಂದು ಬಲವಂತ ಮಾಡುವಂತಿಲ್ಲ. ಮೇಲ್ನೋಟಕ್ಕೆ ಸಮತೂಕ. ಲೆಕ್ಕದಲ್ಲಿ ಅಲ್ಲ. 15 ಜನ ಬರದಿದ್ದರೆ ಸರ್ಕಾರ ಬೀಳುತ್ತದೆ, ರಾಜೀನಾಮೆ ಅಂಗೀಕಾರವಾಗಲಿ ಬಿಡಲಿ. ಮರುದಿನ ವಿಶ್ವಾಸಮತದ ಚರ್ಚೆ ಶುರುವಾದಾಗ ದೊಡ್ಡ ಪಕ್ಷದ ನಾಯಕರು ಎದ್ದು ನಿಂತು ಕೇಳಿದ್ದೂ ಅದನ್ನೇ: ಹಾಗಾದರೆ ನಾನು ಕೊಡುವ ವಿಪ್‌ಗೆ ಏನು ಬೆಲೆ? ವಿಪ್ ಪಕ್ಷದ ಹಕ್ಕು, ದೂರು ಬಂದರೆ ನೋಡುತ್ತೇನೆ ಎಂದರು ಸ್ಪೀಕರ್. ಈ ನಡುವೆ ರೆಸಾರ್ಟಿನಲ್ಲಿದ್ದ ಒಬ್ಬ ಶಾಸಕ ರಾತ್ರೋರಾತ್ರಿ ಕಾಣೆಯಾಗಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ಪತ್ತೆಯಾದರು. ರಾಜೀನಾಮೆ ಕೊಡದೆಯೇ ಗೈರಾದವರು ಅವರು.

ಜುಲೈ 23ರ ಸಂಜೆ ಮತ ಎಣಿಸಿದಾಗ ಸರ್ಕಾರದ ಪರ 99, ವಿರುದ್ಧ 105. ಇಪ್ಪತ್ತು ಜನ ಸದನದಲ್ಲೇ ಇರಲಿಲ್ಲ.

ಸ್ಪೀಕರ್ ಜುಲೈ 25ರಂದು ಮೂವರನ್ನು, 28ರಂದು ಹದಿನಾಲ್ವರನ್ನು ಅನರ್ಹಗೊಳಿಸಿದರು. ಒಟ್ಟು 17. ಬರೀ ಅನರ್ಹತೆಯಲ್ಲ, 2023ರವರೆಗಿನ ಈ ವಿಧಾನಸಭೆಯ ಅವಧಿ ಮುಗಿಯುವ ತನಕ ಎಂದೂ ಬರೆದರು. 29ರಂದು ಅಲ್ಲಿಯವರೆಗಿನ ವಿರೋಧ ಪಕ್ಷದ ಹೊಸ ಸರ್ಕಾರ ಬಹುಮತ ಸಾಬೀತು ಮಾಡಿತು. ಅದೇ ದಿನ ಸ್ಪೀಕರ್ ರಾಜೀನಾಮೆ ಕೊಟ್ಟು ಹೊರಟರು.

ಧೂಳು ಹಿಡಿದ ಒಂದು ದೂರು

ಇಲ್ಲಿ ಸ್ವಲ್ಪ ನಿಲ್ಲಬೇಕು. ಜುಲೈ 25ರ ಮೂವರಲ್ಲಿ ಇಬ್ಬರ ಮೇಲಿನ ದೂರು ಹೊಸದಲ್ಲ. 2019ರ ಫೆಬ್ರವರಿಯಲ್ಲೇ ದೊಡ್ಡ ಪಕ್ಷ ತನ್ನ ನಾಲ್ವರು ಶಾಸಕರ ಮೇಲೆ ದೂರು ಕೊಟ್ಟಿತ್ತು. ಶಾಸಕಾಂಗ ಪಕ್ಷದ ಸಭೆಗೆ ಬಂದಿಲ್ಲ, ವಿಪ್ ಕೊಟ್ಟರೂ ಅಧಿವೇಶನಕ್ಕೆ ಬಂದಿಲ್ಲ ಅಂತ.

ಆ ನಾಲ್ವರ ಹಣೆಬರಹ ನೋಡಿ. ಒಬ್ಬರು ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟು ವಿರೋಧ ಪಕ್ಷ ಸೇರಿದರು. ಏಪ್ರಿಲ್ 1ರಂದು ಅದೇ ಸ್ಪೀಕರ್ ಅದನ್ನು ಅಂಗೀಕರಿಸಿದರು. ಮೇನಲ್ಲಿ ಅವರು ಲೋಕಸಭೆಗೆ ಗೆದ್ದರು. ಇನ್ನೊಬ್ಬರು ಪಕ್ಷದಲ್ಲೇ ಉಳಿದರು, ಬಚಾವಾದರು. ಮಿಕ್ಕ ಇಬ್ಬರು ಜುಲೈನಲ್ಲಿ ರಾಜೀನಾಮೆ ಕೊಟ್ಟು ಅನರ್ಹರಾದರು.

ಒಂದೇ ದೂರು, ಒಂದೇ ಸ್ಪೀಕರ್, ಮೂರು ಬಗೆಯ ಫಲ. ಆ ದೂರನ್ನು ಮಾರ್ಚ್‌ನಲ್ಲೇ ಕೇಳಿ ಮುಗಿಸಿದ್ದರೆ ಜುಲೈ ತಿಂಗಳು ಬೇರೆಯೇ ಆಗಿರುತ್ತಿತ್ತೋ ಏನೋ. ಪಕ್ಷವೂ ಆಗ ಅವಸರ ಮಾಡಲಿಲ್ಲ. ಹೆದರಿಸಿ ಇಟ್ಟರೆ ವಾಪಸ್ ಬರುತ್ತಾರೆ ಎಂಬ ಲೆಕ್ಕಾಚಾರ ಇದ್ದಿರಬಹುದು ಅಂತ ನನ್ನ ಊಹೆ. ಅನರ್ಹತೆಯ ದೂರನ್ನು ನಮ್ಮ ಪಕ್ಷಗಳು ಕೇಸಾಗಿ ಬಳಸುವುದು ಕಡಿಮೆ, ಬೆತ್ತವಾಗಿ ಬಳಸುವುದೇ ಜಾಸ್ತಿ.

ಜುಲೈ 25ರ ಮೂವರಲ್ಲಿ ಮೂರನೆಯವರದ್ದು ಇನ್ನೂ ಸ್ವಾರಸ್ಯ. ಅವರು ಒಂದು ಪುಟ್ಟ ಪಕ್ಷದ ಏಕೈಕ ಶಾಸಕ. ಜೂನ್‌ನಲ್ಲಿ ಮಂತ್ರಿ ಸ್ಥಾನ ಸಿಗುವಾಗ ತಮ್ಮ ಪಕ್ಷವನ್ನು ದೊಡ್ಡ ಪಕ್ಷದಲ್ಲಿ ವಿಲೀನ ಮಾಡಿದ್ದರು. ಮೂರೇ ವಾರ. ಜುಲೈ 8ಕ್ಕೆ ಮಂತ್ರಿಗಿರಿ ಬಿಟ್ಟು ಆ ಕಡೆ ಹೋದರು. ವಿಲೀನವಾದ ಕಾರಣ ಅವರು ದೊಡ್ಡ ಪಕ್ಷದ ಶಾಸಕರೇ ಎಂದು ಸ್ಪೀಕರ್ ಹಿಡಿದುಕೊಂಡರು, ಅನರ್ಹ ಎಂದರು. ಅವರ ಜೊತೆಗೇ ಮಂತ್ರಿಯಾಗಿ, ಅದೇ ದಿನ ಬೆಂಬಲ ವಾಪಸ್ ಪಡೆದ ಪಕ್ಷೇತರರೊಬ್ಬರಿದ್ದರು. ಅವರು ಯಾವ ಪಕ್ಷಕ್ಕೂ ಸೇರಿರಲಿಲ್ಲ. ಅವರ ಕೂದಲೂ ಕೊಂಕಲಿಲ್ಲ. ಆಗಸ್ಟ್‌ನಲ್ಲಿ ಹೊಸ ಸರ್ಕಾರದಲ್ಲೂ ಮಂತ್ರಿಯಾದರು. ಇಬ್ಬರೂ ಮಾಡಿದ್ದು ಒಂದೇ ಕೆಲಸ. ಒಬ್ಬರು ವಿಲೀನದ ಕಾಗದಕ್ಕೆ ಸಹಿ ಹಾಕಿದ್ದರು, ಇನ್ನೊಬ್ಬರು ಹಾಕಿರಲಿಲ್ಲ.

ಕೋರ್ಟು ಹೇಳಿದ್ದು

2019ರ ನವೆಂಬರ್ 13ರಂದು ನ್ಯಾಯಮೂರ್ತಿಗಳಾದ ಎನ್.ವಿ. ರಮಣ, ಸಂಜೀವ್ ಖನ್ನಾ, ಕೃಷ್ಣ ಮುರಾರಿ ಅವರ ಪೀಠ ತೀರ್ಪು ಕೊಟ್ಟಿತು. ಅದಕ್ಕೆ ಮೊದಲು ಅಕ್ಟೋಬರ್ 21ಕ್ಕೆ ಉಪಚುನಾವಣೆ ಘೋಷಣೆಯಾಗಿ, ಅನರ್ಹರು ನಾಮಪತ್ರ ಹಾಕಲಾಗದೆ ಪರದಾಡಿ, ಚುನಾವಣೆ ಡಿಸೆಂಬರ್ 5ಕ್ಕೆ ಮುಂದೆ ಹೋಗಿತ್ತು.

ಮೊದಲಿಗೆ, 17 ಜನರ ಅನರ್ಹತೆ ಸರಿ ಎಂದಿತು. ರಾಜೀನಾಮೆ ಕೊಟ್ಟಿದ್ದೇವಲ್ಲ, ಇನ್ನೆಲ್ಲಿಯ ಅನರ್ಹತೆ ಎಂಬ ವಾದ ನಿಲ್ಲಲಿಲ್ಲ. ತಪ್ಪು ನಡೆದ ದಿನಕ್ಕೇ ಅನರ್ಹತೆ ಅಂಟಿಕೊಳ್ಳುತ್ತದೆ, ಆಮೇಲೆ ರಾಜೀನಾಮೆ ಬರೆದು ಅದನ್ನು ಅಳಿಸಲು ಆಗುವುದಿಲ್ಲ ಎಂಬುದು ಅದರ ತಾತ್ಪರ್ಯ. ಹಾಗೆಯೇ, ರಾಜೀನಾಮೆ ಸ್ವಇಚ್ಛೆಯದ್ದು, ನಿಜವಾದದ್ದು ಎಂದು ಖಚಿತವಾದರೆ ಸ್ಪೀಕರ್ ಅದನ್ನು ಒಪ್ಪಲೇಬೇಕು, ಅದರ ಹಿಂದಿನ ಉದ್ದೇಶ ಕೆದಕುವಂತಿಲ್ಲ ಎಂದೂ ಹೇಳಿತು. ಅಂದರೆ ಎರಡೂ ಬೇರೆ ಬೇರೆ ದಾರಿಗಳು. ಯಾವುದು ಮೊದಲು ಅನ್ನುವುದಷ್ಟೇ ಪ್ರಶ್ನೆ.

ಆದರೆ 2023ರವರೆಗೆ ಎಂದು ಸ್ಪೀಕರ್ ಬರೆದದ್ದನ್ನು ಕೋರ್ಟು ಹೊಡೆದು ಹಾಕಿತು. ಎಷ್ಟು ವರ್ಷ ಅಂತ ಹೇಳುವ ಅಧಿಕಾರ ಸ್ಪೀಕರ್‌ಗೆ ಇಲ್ಲ, ಅನರ್ಹರಾದವರು ಉಪಚುನಾವಣೆಗೆ ನಿಲ್ಲಬಹುದು ಎಂದಿತು. ತಟಸ್ಥವಾಗಿ ಇರಬೇಕಾದ ಸ್ಪೀಕರ್‌ಗಳು ಹಾಗೆ ಇರದಿರುವುದು ಹೆಚ್ಚುತ್ತಿದೆ ಎಂಬ ಬೇಸರವೂ ತೀರ್ಪಿನಲ್ಲಿದೆ.

ಯಾರು ಗೆದ್ದಂತಾಯಿತು? ಸ್ಪೀಕರ್ ಮಾಡಿದ್ದು ಸರಿ ಎಂದಾಯಿತು. ಅನರ್ಹರು ಚುನಾವಣೆಗೆ ನಿಲ್ಲುವಂತಾಯಿತು. ಎರಡೂ ಕಡೆಯವರು ಸಿಹಿ ಹಂಚಬಹುದಾದ ತೀರ್ಪು. ಮರುದಿನವೇ ಅನರ್ಹರಲ್ಲಿ 16 ಜನ ಆಡಳಿತ ಪಕ್ಷ ಸೇರಿದರು.

ಫಲಿತಾಂಶ

15 ಕ್ಷೇತ್ರಗಳಲ್ಲಿ ಚುನಾವಣೆ ನಡೆಯಿತು. ಎರಡು ಕ್ಷೇತ್ರಗಳು ಹೈಕೋರ್ಟಿನ ತಕರಾರಿನಿಂದ ಉಳಿದವು. ಆಡಳಿತ ಪಕ್ಷಕ್ಕೆ ಆರು ಬೇಕಿತ್ತು, ಹನ್ನೆರಡು ಸಿಕ್ಕಿತು. ಟಿಕೆಟ್ ಪಡೆದ 13 ಅನರ್ಹರಲ್ಲಿ 11 ಜನ ಗೆದ್ದರು. 2020ರ ಫೆಬ್ರವರಿ 6ರಂದು ಅವರಲ್ಲಿ ಹತ್ತು ಜನ ಮಂತ್ರಿಗಳಾದರು. ಪತ್ರಿಕೆಗಳು ಜುಲೈನಲ್ಲಿ ಅತೃಪ್ತರು ಎಂದಿದ್ದವು, ಆಗಸ್ಟ್‌ನಲ್ಲಿ ಅನರ್ಹರು ಎಂದಿದ್ದವು. ಈಗ ಸಚಿವರು ಎನ್ನಬೇಕಾಯಿತು.

ನನಗೆ ಹೆಚ್ಚು ಕುತೂಹಲ ಉಳಿದವರಲ್ಲಿ ಮೂವರ ಮೇಲೆ. ಇಬ್ಬರು ಸೋತವರು. ಒಬ್ಬರು, ಆ ವಿಲೀನದವರು, ಟಿಕೆಟ್ ಸಿಗದವರು. ಮೂವರಿಗೂ ಮಂತ್ರಿಗಿರಿಯ ಮಾತು ಕೊಟ್ಟಾಗಿತ್ತು. ಹಾಗಾಗಿ ಹಿಂಬಾಗಿಲು ಬೇಕಾಯಿತು. ಹಿಂಬಾಗಿಲು ಅಂದರೆ ವಿಧಾನ ಪರಿಷತ್ತು. 2020ರ ಜೂನ್‌ನಲ್ಲಿ ಇಬ್ಬರನ್ನು ಶಾಸಕರ ಮತದಿಂದ ಆರಿಸುವ ಸ್ಥಾನಗಳಿಗೆ ಕಳಿಸಿದರು. ಮೂರನೆಯವರಿಗೆ ಅಲ್ಲಿ ಜಾಗ ಸಿಗಲಿಲ್ಲ. ಅವರು ಬರೆಯುವವರೂ ಹೌದು. ಜುಲೈನಲ್ಲಿ ಅವರನ್ನು ಸಾಹಿತ್ಯದ ಹೆಸರಿನಲ್ಲಿ ನಾಮಕರಣ ಮಾಡಿದರು. ಮೂವರೂ ಎಂಎಲ್‌ಸಿ. ಮೂವರಿಗೂ ಒಂದೇ ಬಿಲ್ಲೆ, ಒಂದೇ ಸಂಬಳ.

ಆಗ ಎದ್ದು ಕೂತಿತು 164(1ಬಿ). ಆ ವಿಧಿ ಕೇಳುವುದು ಎಂಎಲ್‌ಸಿ ಆದೆಯಾ ಅಂತ ಅಲ್ಲ, ಚುನಾವಣೆಗೆ ನಿಂತು ಗೆದ್ದೆಯಾ ಅಂತ. ವಕೀಲರೊಬ್ಬರು ಹೈಕೋರ್ಟಿಗೆ ಹೋದರು. 2020ರ ನವೆಂಬರ್ 30ರಂದು ಹೈಕೋರ್ಟು ಹೇಳಿತು: ಚುನಾಯಿತರಾದ ಇಬ್ಬರಿಗೆ ಅಡ್ಡಿಯಿಲ್ಲ, ನಾಮಕರಣಗೊಂಡವರು ಮಂತ್ರಿಯಾಗುವಂತಿಲ್ಲ. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಜನವರಿ 13ರಂದು ಮಿಕ್ಕ ಇಬ್ಬರು ಪ್ರಮಾಣವಚನ ತೆಗೆದುಕೊಂಡಿದ್ದರು.

ಹದಿನೇಳು ಜನರಲ್ಲಿ ಪಕ್ಷಾಂತರ ಕಾಯ್ದೆಯ ಬಿಸಿ ನಿಜವಾಗಿ ತಟ್ಟಿದ್ದು ನಾಮಕರಣಗೊಂಡ ಇವರೊಬ್ಬರಿಗೇ ಅನ್ನಬಹುದು. ಅದೂ ರಾಜೀನಾಮೆ ಕೊಟ್ಟಿದ್ದಕ್ಕಲ್ಲ, ಪರಿಷತ್ತಿಗೆ ಹೋದ ಬಾಗಿಲು ತಪ್ಪಿದ್ದಕ್ಕೆ. ಜೂನ್‌ನಲ್ಲಿ ಟಿಕೆಟ್ ಹಂಚಿದವರು ಆ ವಿಧಿಯನ್ನು ಓದಿದ್ದರೋ ಇಲ್ಲವೋ. ಓದಿಯೇ ಹಂಚಿದ್ದರೆ ಅದು ಇನ್ನೊಂದೇ ಕಥೆ.

ಇದರಿಂದ ತೆಗೆದುಕೊಳ್ಳಬಹುದಾದದ್ದು

ಕಾಯ್ದೆ ಸತ್ತುಹೋಗಿದೆ ಅಂತ ಇಂಥ ಪ್ರಕರಣ ನೋಡಿದವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಸದನದೊಳಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆ ಹದಿನೈದು ಜನರಲ್ಲಿ ಒಬ್ಬರೂ ಒಳಗೆ ಬಂದು ಅಡ್ಡ ಮತ ಹಾಕಲಿಲ್ಲ, ಗಮನಿಸಿ. ಬಾಗಿಲಿನಿಂದ ಆಚೆಗೆ ಮಾತ್ರ ಅದರ ಕೈ ಚಾಚುವುದಿಲ್ಲ. ಹೊರಗೆ ಹೋಗಿ ಐದೇ ತಿಂಗಳಲ್ಲಿ ಬೇರೆ ಚಿಹ್ನೆ ಹಿಡಿದು ಬಂದರೆ, ಮತದಾರ ಒಪ್ಪಿದರೆ, ಕಾಯ್ದೆ ಸುಮ್ಮನಾಗುತ್ತದೆ. ಉಪಚುನಾವಣೆಯಲ್ಲಿ ಮತದಾರರ ಮುಂದೆ ಇದ್ದದ್ದು ಸಾಮಾನ್ಯ ಚುನಾವಣೆಯ ಪ್ರಶ್ನೆಯೂ ಅಲ್ಲ. ಗೆಲ್ಲಿಸಿದರೆ ನಿಮ್ಮ ಶಾಸಕ ಮಂತ್ರಿ, ಸೋಲಿಸಿದರೆ ನೀವು ವಿರೋಧ ಪಕ್ಷದ ಕ್ಷೇತ್ರ. ಉತ್ತರ ಹೇಗೆ ಬರುತ್ತದೆ ಅಂತ ಊಹಿಸುವುದು ಕಷ್ಟವಲ್ಲ, ಅಲ್ವಾ? ಸರ್ಕಾರ ಗಟ್ಟಿಯಾದ ಮೇಲೆ, 2021ರಲ್ಲಿ, ಉಳಿದಿದ್ದ ಎರಡು ಕ್ಷೇತ್ರಗಳಲ್ಲಿ ಒಂದಾದ ಮಸ್ಕಿಯಲ್ಲಿ ಚುನಾವಣೆ ನಡೆದಾಗ ಅಲ್ಲಿನ ಅನರ್ಹ ಶಾಸಕರು ದೊಡ್ಡ ಅಂತರದಲ್ಲಿ ಸೋತರು.

ಸಮಯದ ವಿಷಯವೂ ಇದೆ. ಮಣಿಪುರದ ಪ್ರಕರಣದಲ್ಲಿ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಅನರ್ಹತೆಯ ದೂರನ್ನು ಸಾಮಾನ್ಯವಾಗಿ ಮೂರು ತಿಂಗಳಲ್ಲಿ ಮುಗಿಸಬೇಕು ಎಂದಿತು. 2025ರಲ್ಲಿ ತೆಲಂಗಾಣದ ಸ್ಪೀಕರ್‌ಗೂ ಮೂರು ತಿಂಗಳ ಗಡುವು ಕೊಟ್ಟಿತು. ನಮ್ಮ ಫೆಬ್ರವರಿಯ ದೂರು ಐದು ತಿಂಗಳು ಕೂತಿತ್ತು. ಜುಲೈನ ದೂರುಗಳು ಮೂರು ವಾರದೊಳಗೆ ಮುಗಿದವು. ಬೇಕು ಅನ್ನಿಸಿದಾಗ ಬೇಗ ಆಗುತ್ತದೆ.

ಆ ಗುಂಪಿನ ಹಲವರು 2023ರ ಚುನಾವಣೆಯಲ್ಲಿ ಸೋತರು, ಕೆಲವರು ಗೆದ್ದರು. ಗೆದ್ದವರಲ್ಲಿ ಇಬ್ಬರಿಗೆ ಹೊಸ ಪಕ್ಷವೂ ಒಗ್ಗಲಿಲ್ಲ. 2024ರ ಫೆಬ್ರವರಿ 27ರಂದು ರಾಜ್ಯಸಭಾ ಚುನಾವಣೆ. ಒಬ್ಬರು ಅಡ್ಡ ಮತ ಹಾಕಿದರು, ಇನ್ನೊಬ್ಬರು ಮತಗಟ್ಟೆಗೆ ಬರಲೇ ಇಲ್ಲ. ರಾಜ್ಯಸಭೆಯ ಮತ ಸದನದ ಕಲಾಪವಲ್ಲ, ಹತ್ತನೇ ಷೆಡ್ಯೂಲ್ ಅದಕ್ಕೆ ತಾಗುವುದಿಲ್ಲ. 2025ರ ಮೇನಲ್ಲಿ ಪಕ್ಷ ಇಬ್ಬರನ್ನೂ ಆರು ವರ್ಷ ಉಚ್ಚಾಟಿಸಿತು. ಪಕ್ಷವನ್ನು ತಾನಾಗಿ ಬಿಟ್ಟರೆ ಸೀಟು ಹೋಗುತ್ತದೆ, ಪಕ್ಷವೇ ಹೊರಗೆ ಹಾಕಿದರೆ ಹೋಗುವುದಿಲ್ಲ. ಇಬ್ಬರೂ ಶಾಸಕರಾಗಿಯೇ ಉಳಿದರು. ಈ ಸಲ ರಾಜೀನಾಮೆ ಪತ್ರ ಬರೆಯುವ ಕೆಲಸವೂ ಇರಲಿಲ್ಲ.